ವಿಲ್ ಸ್ಮಿತ್ ಆತ್ಮಕಥೆ: ಅಚ್ಚಿನ ಪುಸ್ತಕ ಬೇಡ, ಆಡಿಯೋ ತಗೊಳ್ಳಿ

ಹಾಲಿವುಡ್ ನಟ, ರ‍್ಯಾಪರ್ ವಿಲ್ ಸ್ಮಿತ್‌ನ ಆತ್ಮಕಥೆ ‘ವಿಲ್’ ಅಚ್ಚಿನಲ್ಲೂ ಸಿಗುತ್ತದೆ, ಆಡಿಯೋ ಬುಕ್ ಆಗಿಯೂ ಸಿಗುತ್ತದೆ. ನನ್ನನ್ನು ಕೇಳಿದರೆ ಆಡಿಯೋವನ್ನೇ ತಗೊಳ್ಳಿ ಅಂತೀನಿ. 2021ರ ನವೆಂಬರ್‌ನಲ್ಲಿ ಬಂದ ಪುಸ್ತಕ ಇದು. ಬರೆಯುವಾಗ ಜೊತೆಗಿದ್ದವರು ಲೇಖಕ ಮಾರ್ಕ್ ಮ್ಯಾನ್ಸನ್. ಆದರೆ ಓದಿರುವುದು ಪೂರ್ತಿ ವಿಲ್ ಸ್ಮಿತ್ ತಾನೇ. ಸುಮಾರು 16 ಗಂಟೆ. ಮೊದಲರ್ಧ ಚಿನ್ನ. ಎರಡನೇ ಅರ್ಧದ ಬಗ್ಗೆ ನನಗೆ ತಕರಾರು ಇದೆ, ಅದನ್ನೂ ಹೇಳುತ್ತೇನೆ.

ನಾನು ಅಂಧೇರಿಯ ಸ್ಟುಡಿಯೋಗಳಲ್ಲಿ ಡಬ್ಬಿಂಗ್ ಮಾಡುವವಳು. ಹಿಂದಿಯಲ್ಲಿ ಬಂದ ಜಾಹೀರಾತು, ಕಾರ್ಟೂನುಗಳಿಗೆ ಕನ್ನಡದ ದನಿ ಕೊಡುತ್ತೇನೆ. ಬೇರೆಯವರ ತುಟಿ ನೋಡಿ ಮಾತು ಕೂರಿಸುವುದೇ ಕೆಲಸ. ಹಾಗಾಗಿ ಯಾರೇ ಮೈಕ್ ಮುಂದೆ ಓದಲಿ, ನನ್ನ ಕಿವಿಗೆ ಮೊದಲು ಬೀಳುವುದು ಉಸಿರು, ಆಮೇಲೆ ಮಾತು. ಡೊಂಬಿವಲಿಯಿಂದ ದಾದರ್, ಅಲ್ಲಿ ಗಾಡಿ ಬದಲಿಸಿ ಅಂಧೇರಿ. ಬೆಳಗಿನ ಲೇಡೀಸ್ ಡಬ್ಬಿಯಲ್ಲಿ ಕೈ ಎತ್ತುವುದಕ್ಕೇ ಜಾಗ ಇರುವುದಿಲ್ಲ, ದಪ್ಪ ಪುಸ್ತಕ ಬಿಡಿಸುವುದಂತೂ ದೂರದ ಮಾತು. ಮುಂಬಯಿಯಲ್ಲಿ ದಿನಾ ಲೋಕಲ್ ಹಿಡಿಯುವವರಿಗೆ ಆಡಿಯೋ ಬುಕ್ಕೇ ಸರಿ.

ಕತೆ ಶುರುವಾಗುವುದು ಒಂದು ಗೋಡೆಯಿಂದ. ಫಿಲಡೆಲ್ಫಿಯಾದಲ್ಲಿ ಅಪ್ಪನದು ಫ್ರೀಜರ್ ಕೂರಿಸುವ, ರಿಪೇರಿ ಮಾಡುವ ಕಸುಬು. ಅಂಗಡಿಯ ಮುಂದಿನ ಗೋಡೆ ಕೆಡವಿಸಿ, ಹೊಸದನ್ನು ಕಟ್ಟಿ ಅಂತ ಮಕ್ಕಳಿಗೇ ಹೇಳುತ್ತಾನೆ. ವಿಲ್‌ಗೆ ಆಗ 11 ವರ್ಷ, ತಮ್ಮ ಹ್ಯಾರಿ ಇನ್ನೂ ಚಿಕ್ಕವನು. ಒಂದೊಂದೇ ಇಟ್ಟಿಗೆ ಇಡುತ್ತಾ ಹೆಚ್ಚುಕಮ್ಮಿ ಒಂದು ವರ್ಷ ಹಿಡಿಯುತ್ತದೆ. ಅಪ್ಪನ ಮಾತು ಬಂದಾಗ ವಿಲ್‌ನ ದನಿ ಗಡಸಾಗುತ್ತದೆ, ವಾಕ್ಯ ಗಿಡ್ಡವಾಗುತ್ತದೆ. ಮಿಲಿಟರಿಯಲ್ಲಿ ಇದ್ದು ಬಂದ ಮನುಷ್ಯ ಅಂತ ಬಾಯಿಬಿಟ್ಟು ಹೇಳುವುದೇ ಬೇಡ, ದನಿಯಲ್ಲೇ ಗೊತ್ತಾಗುತ್ತದೆ.

ಅದೇ ಅಪ್ಪ ಅಮ್ಮನನ್ನು ಹೊಡೆದು ಬೀಳಿಸಿದ್ದನ್ನು ವಿಲ್ 9ನೇ ವಯಸ್ಸಿನಲ್ಲಿ ನೋಡಿದ್ದ. ನಿಂತಲ್ಲೇ ನಿಂತುಬಿಟ್ಟ, ಅಡ್ಡ ಹೋಗಲಿಲ್ಲ. ಮುಂದೆ ತಾನು ಜನರನ್ನು ನಗಿಸಿದ್ದು, ಗೆದ್ದದ್ದು ಎಲ್ಲವೂ ಅಮ್ಮನ ಹತ್ತಿರ ಕೇಳಿದ ಕ್ಷಮೆಯೇ ಅನ್ನುವ ಅರ್ಥದಲ್ಲಿ ಹೇಳುತ್ತಾನೆ. ಇಲ್ಲಿ ಅವನು ದನಿ ಏರಿಸುವುದಿಲ್ಲ, ಅಳುವುದೂ ಇಲ್ಲ. ಇಂಥ ಜಾಗದಲ್ಲಿ ನಮ್ಮ ಡೈರೆಕ್ಟರುಗಳು ‘ಸ್ವಲ್ಪ ಇಮೋಷನ್ ಹಾಕಿ ಮೇಡಂ’ ಅನ್ನುತ್ತಾರೆ. ಏನೂ ಹಾಕದೆ ಓದಿದರೆ ಎಷ್ಟು ಗಟ್ಟಿಯಾಗಿ ತಟ್ಟುತ್ತದೆ ಅನ್ನುವುದಕ್ಕೆ ಈ ಒಂದು ಭಾಗ ಸಾಕು.

ಇನ್ನು ಅಜ್ಜಿ. ಮನೆಯಲ್ಲಿ ಎಲ್ಲರೂ ಜೀಜೀ ಅಂತ ಕರೆಯುವ ಅಜ್ಜಿಗೆ ಮೊಮ್ಮಗನ ರ‍್ಯಾಪ್ ನೋಟ್‌ಬುಕ್ ಸಿಗುತ್ತದೆ. ತುಂಬಾ ಬೈಗುಳ. ಅಜ್ಜಿ ಬೈಯುವುದಿಲ್ಲ. ಅದೇ ಪುಸ್ತಕದಲ್ಲಿ ನಾಲ್ಕು ಸಾಲು ಬರೆದಿಡುತ್ತಾಳೆ: ಬುದ್ಧಿ ಇರುವವರಿಗೆ ಹೇಳುವುದನ್ನು ಹೇಳಲು ಈ ಮಾತು ಬೇಕಾಗುವುದಿಲ್ಲ, ನೀನು ಜಾಣ ಅಂತ ನಾವು ನಂಬಿದ್ದೇವೆ, ಜಗತ್ತಿಗೂ ತೋರಿಸು, ಅಷ್ಟೇ. ಆವತ್ತಿನಿಂದ ಹುಡುಗ ಹಾಡಿನಲ್ಲಿ ಬೈಗುಳ ಬಿಟ್ಟ. ರ‍್ಯಾಪ್ ಲೋಕದಲ್ಲಿ ಕೆಲವರು ಇವನನ್ನು ಮೆತ್ತಗಿನವನು ಅಂತ ಮೂಗು ಮುರಿದದ್ದಕ್ಕೂ ಇದೇ ಕಾರಣ. ನನ್ನ ಅಕ್ಕನ ಮಗ ಹಿಂದಿ, ಮರಾಠಿ ರ‍್ಯಾಪ್ ಬಿಟ್ಟು ಬೇರೆ ಕೇಳುವವನಲ್ಲ. ಅವನೂ ಅದನ್ನೇ ಅಂದ, ‘ಚಿಕ್ಕಮ್ಮ, ಅವನನ್ನ ರ‍್ಯಾಪರ್ ಅಂತ ಯಾರು ಲೆಕ್ಕಕ್ಕೆ ಇಡ್ತಾರೆ?’ ಸುಮ್ನೆ ಅನ್ನಬಾರದು. ರ‍್ಯಾಪ್‌ಗೆ ಅಂತ ಅಮೆರಿಕದ ಸಂಗೀತ ಪ್ರಶಸ್ತಿ ಗ್ರ್ಯಾಮಿ ಕೊಡಲು ಶುರು ಮಾಡಿದ್ದೇ 1989ರಲ್ಲಿ. ಆ ಮೊದಲನೇ ಪ್ರಶಸ್ತಿ ಇವನಿಗೂ ಇವನ ಹಾಡಿಗೆ ಬೀಟ್ ಕೊಡುವ ಜೊತೆಗಾರ ಡಿಜೆ ಜ್ಯಾಜಿ ಜೆಫ್‌ಗೂ ಬಂತು. ರ‍್ಯಾಪ್ ಪ್ರಶಸ್ತಿ ಕೊಡುವುದನ್ನು ಟೀವಿಯಲ್ಲಿ ತೋರಿಸುವುದಿಲ್ಲ ಅಂದಾಗ ಇಬ್ಬರೂ ಸಮಾರಂಭಕ್ಕೇ ಹೋಗಲಿಲ್ಲ. ಮೆತ್ತಗಿನವರು ಮಾಡುವ ಕೆಲಸವಾ ಅದು?

ಜೆಫ್ ಸಿಕ್ಕಿದ್ದು 1985ರಲ್ಲಿ, ಒಂದು ಮನೆ ಪಾರ್ಟಿಯಲ್ಲಿ. ಆವತ್ತು ಜೆಫ್ ಜೊತೆ ಮೈಕ್ ಹಿಡಿಯಬೇಕಾದವನು ಬಂದಿರಲಿಲ್ಲ. ವಿಲ್ ಹಿಡಿದ. ಇವನು ಏನು ಹೇಳುತ್ತಾನೆ ಅಂತ ಅವನಿಗೆ ಮೊದಲೇ ಗೊತ್ತು, ಅವನು ಎಲ್ಲಿ ಬೀಟ್ ನಿಲ್ಲಿಸುತ್ತಾನೆ ಅಂತ ಇವನಿಗೆ ಗೊತ್ತು. ಮಾಟುಂಗದಲ್ಲಿ ಒಳ್ಳೆಯ ತಾಳಮದ್ದಳೆ ಕೇಳಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಎದುರಿನ ಅರ್ಥಧಾರಿ ಮಾತು ಮುಗಿಸುವ ಮೊದಲೇ ಉತ್ತರ ಸಿದ್ಧವಾಗಿರುತ್ತದೆ, ಆದರೆ ಸರಿಯಾದ ಗಳಿಗೆಗೆ ಕಾಯಬೇಕು. ಆಡಿಯೋದಲ್ಲಿ ಈ ಭಾಗ ಓಡುತ್ತದೆ. ನಡುನಡುವೆ ಸಂಗೀತ ಬರುತ್ತದೆ, ವಿಲ್ ರ‍್ಯಾಪ್ ಮಾಡುತ್ತಾನೆ. ಅಚ್ಚಿನಲ್ಲಿ ಅದೇ ಸಾಲುಗಳು ಸಪ್ಪೆ.

ಆಮೇಲೆ ದುಡ್ಡು ಬಂದು, ದುಡ್ಡು ಹೋಯಿತು. ಮುಂದಿನ ಆಲ್ಬಮ್ ಓಡಲಿಲ್ಲ, ಆದಾಯ ತೆರಿಗೆ ಬಾಕಿ ತಲೆ ಮೇಲೆ ಕೂತಿತು. 1990ರಲ್ಲಿ ಸಂಗೀತ ನಿರ್ಮಾಪಕ ಕ್ವಿನ್ಸಿ ಜೋನ್ಸ್ ಅವರ ಮನೆಯಲ್ಲಿ ಪಾರ್ಟಿ. ಅಲ್ಲೇ ಕೈಗೆ ಸ್ಕ್ರಿಪ್ಟ್ ಕೊಟ್ಟು, ಹತ್ತು ನಿಮಿಷದಲ್ಲಿ ಓದಿ ತೋರಿಸು ಅಂದರು. ಅದೂ ಬೇರೆಯವರಿಗಾಗಿ ಬರೆದಿಟ್ಟ ಸ್ಕ್ರಿಪ್ಟ್. ವಿಲ್ ಜೋನ್ಸ್ ಅವರ ದನಿಯನ್ನು ಎಷ್ಟು ಪ್ರೀತಿಯಿಂದ ಅನುಕರಿಸುತ್ತಾನೆ ಅಂದರೆ, ಆ ಜಾಗವನ್ನು ನಾನು ಹಿಂದೆ ಹೋಗಿ ಮತ್ತೆ ಕೇಳಿದೆ. ಇದರಿಂದ ಹುಟ್ಟಿದ್ದು ‘ದಿ ಫ್ರೆಶ್ ಪ್ರಿನ್ಸ್ ಆಫ್ ಬೆಲ್ ಏರ್’. 1996ರ ತನಕ 6 ಸೀಸನ್ ಓಡಿದ ಟೀವಿ ಧಾರಾವಾಹಿ.

ನನಗೆ ಇಡೀ ಪುಸ್ತಕದಲ್ಲಿ ಜಾಸ್ತಿ ಹಿಡಿಸಿದ್ದು ಇಲ್ಲಿಂದ ಮುಂದಿನ ಒಂದು ಸಂಗತಿ. ವಿಲ್‌ಗೆ ಆಗ ನಟನೆಯ ಗಂಧಗಾಳಿ ಇಲ್ಲ. ಹೆದರಿ ಇಡೀ ಸ್ಕ್ರಿಪ್ಟ್ ಬಾಯಿಪಾಠ ಮಾಡಿದ್ದ, ಎಲ್ಲರ ಮಾತನ್ನೂ ಸೇರಿಸಿ. ಮೊದಲ ಸೀಸನ್ ಹಾಕಿ ನೋಡಿ. ಎದುರಿನವರು ಮಾತಾಡುವಾಗ ಇವನ ತುಟಿ ಸಣ್ಣಗೆ ಅಲ್ಲಾಡುತ್ತಿರುತ್ತದೆ, ಅವರ ಸಾಲನ್ನೇ ಒಳಗೊಳಗೇ ಹೇಳಿಕೊಳ್ಳುತ್ತಿರುತ್ತಾನೆ. ತುಟಿ ನೋಡುವುದೇ ನನ್ನ ಹೊಟ್ಟೆಪಾಡು, ಹಾಗಾಗಿ ಒಮ್ಮೆ ಕಣ್ಣಿಗೆ ಬಿದ್ದ ಮೇಲೆ ಬೇರೇನೂ ಕಾಣಿಸಲಿಲ್ಲ. ಸಾಲು ನೆನಪಿಡುವುದು, ತಾಳ ತಪ್ಪದೆ ಹೇಳುವುದು ರ‍್ಯಾಪರ್‌ಗೆ ಬರುತ್ತದೆ. ಎದುರಿನವರ ಮಾತನ್ನು ಮೊದಲ ಸಲ ಕೇಳಿದ ಹಾಗೆ ಕೇಳಿಸಿಕೊಳ್ಳುವುದು ನಟನ ಕೆಲಸ. ಅದನ್ನು ಅವನು ಕ್ಯಾಮೆರಾ ಮುಂದೆಯೇ ಕಲಿತ. ಈ ಆಡಿಯೋದಲ್ಲಿ ಅದು ಎಷ್ಟು ಪಳಗಿದೆ ನೋಡಿ: ಅಪ್ಪ, ಅಜ್ಜಿ, ಜೋನ್ಸ್ ಮಾತಾಡಿದ ಮೇಲೆ ಒಂದು ಸಣ್ಣ ಬಿಡುವು ಬರುತ್ತದೆ. ಕೇಳಿಸಿಕೊಂಡವನು ಮಾತ್ರ ಬಿಡುವಂಥ ಬಿಡುವು ಅದು.

‘ಇಂಡಿಪೆಂಡೆನ್ಸ್ ಡೇ’, ‘ಮೆನ್ ಇನ್ ಬ್ಲ್ಯಾಕ್’ ಸಿನಿಮಾಗಳ ಕಾಲಕ್ಕೆ ಬರುವಷ್ಟರಲ್ಲಿ ಪುಸ್ತಕ ಬೇರೆ ಆಗಿಬಿಡುತ್ತದೆ. ಗೆಲ್ಲುವುದು ಹೇಗೆ, ಗುರಿ ಇಡುವುದು ಹೇಗೆ ಅನ್ನುವ ಮಾತು ಜಾಸ್ತಿ. ಒಂದು ಘಟನೆ ಹೇಳಿ, ಅದರಿಂದ ಕಲಿತದ್ದನ್ನು ಎರಡು ಸಲ ವಿವರಿಸುತ್ತಾನೆ. ಮೊದಲರ್ಧದಲ್ಲಿ ನಮ್ಮ ಮೇಲೆ ಇಟ್ಟಿದ್ದ ನಂಬಿಕೆ ಇಲ್ಲಿ ಕಾಣುವುದಿಲ್ಲ. 2001ರ ‘ಅಲಿ’ ಸಿನಿಮಾದಲ್ಲಿ ಬಾಕ್ಸರ್ ಮುಹಮ್ಮದ್ ಅಲಿ ಪಾತ್ರಕ್ಕೆ ಮೈ ಹುರಿಗೊಳಿಸಿದ ಭಾಗ ಬಿಟ್ಟರೆ ಉಳಿದದ್ದನ್ನು ಎರಡು ಮೂರು ಗಂಟೆ ಕತ್ತರಿಸಬಹುದಿತ್ತು. ಜೆಫ್ ಹಿಂದೆ ಸರಿದುಹೋಗುವುದೂ ನನಗೆ ಬೇಸರವಾಯಿತು.

ಒಂದು ವಿಷಯ ಬಿಟ್ಟು ಮುಂದೆ ಹೋಗುವ ಹಾಗಿಲ್ಲ. ಪುಸ್ತಕ ಬಂದು ನಾಲ್ಕು ತಿಂಗಳಿಗೆ, 2022ರ ಮಾರ್ಚ್‌ನಲ್ಲಿ, ಆಸ್ಕರ್ ವೇದಿಕೆಯಲ್ಲಿ ಹಾಸ್ಯನಟ ಕ್ರಿಸ್ ರಾಕ್ ಕೆನ್ನೆಗೆ ವಿಲ್ ಹೊಡೆದ. ಅದೇ ರಾತ್ರಿ ‘ಕಿಂಗ್ ರಿಚರ್ಡ್’ ಸಿನಿಮಾಕ್ಕೆ ಶ್ರೇಷ್ಠ ನಟ ಪ್ರಶಸ್ತಿ ಪಡೆದ. ಆಮೇಲೆ ಆಸ್ಕರ್ ಕೊಡುವ ಅಕಾಡೆಮಿ ಅವನನ್ನು 10 ವರ್ಷ ತನ್ನ ಸಮಾರಂಭಗಳಿಂದ ದೂರ ಇಟ್ಟಿತು. ಇದೆಲ್ಲ ಗೊತ್ತಿದ್ದು ಕೇಳುವಾಗ ಆ 9 ವರ್ಷದ ಹುಡುಗನ ಭಾಗ ಬೇರೆಯೇ ರೀತಿ ಕೇಳಿಸುತ್ತದೆ. ಹಾಗಂತ ಆ ಏಟು ಸರಿ ಅಂತ ನಾನು ಹೇಳುವುದಿಲ್ಲ. ವಿಲ್ ಹೆಂಡತಿಯ ಬಗ್ಗೆ ರಾಕ್ ಆಡಿದ ತಮಾಷೆ ಕೆಟ್ಟದಾಗಿತ್ತು, ಕೈ ಮಾಡಿದ್ದು ಅದಕ್ಕಿಂತ ಕೆಟ್ಟದು. ಆದರೆ ಆ ಮನುಷ್ಯನ ಒಳಗೆ ಏನಿತ್ತು ಅಂತ ತಿಳಿಯಬೇಕಾದರೆ ಟೀವಿ ಚರ್ಚೆಗಳಿಗಿಂತ ಈ ಮೊದಲ ಗಂಟೆ ಎಷ್ಟೋ ಮೇಲು.

ತಗೊಳ್ಳುವವರಿಗೆ ಎರಡು ಮಾತು. ವೇಗ ಹೆಚ್ಚಿಸಬೇಡಿ. ಬೇರೆ ಆಡಿಯೋ ಬುಕ್ಕುಗಳನ್ನು ನಾನೂ ಒಂದೂಕಾಲು ಪಟ್ಟು ವೇಗದಲ್ಲಿ ಕೇಳುತ್ತೇನೆ, ಇದರಲ್ಲಿ ಹಾಗೆ ಮಾಡಿದರೆ ಆ ಬಿಡುವುಗಳೆಲ್ಲ ಹಾಳು. ಅಮೆರಿಕನ್ ಇಂಗ್ಲಿಷ್ ರೂಢಿ ಇಲ್ಲದವರು ಮೊದಲ ಅಧ್ಯಾಯಗಳನ್ನು ರೈಲಿನ ಗದ್ದಲದಲ್ಲಿ ಅಲ್ಲ, ಮನೆಯಲ್ಲಿ ಕೇಳಿ, ದನಿ ಪಳಗುತ್ತದೆ. ಹೊಡೆತಬಡಿತ, ದೊಡ್ಡವರ ವಿಷಯ ಎಲ್ಲ ಇರುವುದರಿಂದ ಚಿಕ್ಕ ಮಕ್ಕಳ ಮುಂದೆ ಸ್ಪೀಕರ್‌ನಲ್ಲಿ ಹಾಕುವುದು ಬೇಡ. ಮೈಕ್ ಹಿಡಿಯುವ ಹುಚ್ಚಿರುವ ಕಾಲೇಜು ಹುಡುಗರು ಮನೆಯಲ್ಲಿದ್ದರೆ ಕೊಡಿಸಿ. ಅಕ್ಕನ ಮಗನಿಗೆ ನಾನು ಕೇಳಲು ಹೇಳಿರುವುದು ಮೊದಲರ್ಧ ಮಾತ್ರ.