ಬೇರೆ ಬೇರೆ ಕಂಪನಿಯ ಪೆಟ್ಟಿಗೆಗಳಿಗೆ ಒಂದೇ ರಿಮೋಟು: ಬಳಸಿ ನೋಡಿದ ನಾಲ್ಕು ದಾರಿ

ನಮ್ಮ ಹಾಲ್‌ನಲ್ಲಿರುವುದು ಸೋನಿ ಟೀವಿ, ಬೇರೊಂದು ಕಂಪನಿಯ ಎವಿ ರಿಸೀವರ್ (ಸೌಂಡನ್ನು ಸ್ಪೀಕರುಗಳಿಗೆ ಕಳಿಸುವ ಪೆಟ್ಟಿಗೆ), ಒಂದು ಡಿಟಿಎಚ್ ಸೆಟ್‌ಟಾಪ್ ಬಾಕ್ಸ್ ಮತ್ತು ಫೈರ್ ಟಿವಿ ಸ್ಟಿಕ್. ನಾಲ್ಕಕ್ಕೂ ನಾಲ್ಕು ರಿಮೋಟು. ಅಮ್ಮನಿಗೆ ಬೇಕಾದದ್ದು ಇಷ್ಟೇ: ಸಂಜೆ ಧಾರಾವಾಹಿ ಹೊತ್ತಿಗೆ ಟೀವಿ ಆನ್ ಆಗಬೇಕು, ಚಾನೆಲ್ ಬದಲಾಗಬೇಕು, ಸೌಂಡ್ ಹೆಚ್ಚು ಕಡಿಮೆ ಮಾಡಿದರೆ ಸ್ಪೀಕರಿನಲ್ಲೇ ಆಗಬೇಕು. ಇಷ್ಟನ್ನು ಒಂದೇ ರಿಮೋಟಿನಿಂದ, ಯಾರನ್ನೂ ಕರೆಯದೆ ಮಾಡಲು ಅವರಿಗೆ ಆಗುತ್ತದೆಯೇ ಎಂಬುದೇ ನನ್ನ ಅಳತೆ. ಹಲವು ಉಪಕರಣಗಳನ್ನು ನಡೆಸುವ ಹಾರ್ಮನಿ ಎಂಬ ರಿಮೋಟುಗಳನ್ನು ಈ ಹೋಲಿಕೆಯಲ್ಲಿ ಸೇರಿಸಿಲ್ಲ. ಲಾಜಿಟೆಕ್ 2021ರಲ್ಲೇ ಅವುಗಳ ತಯಾರಿಕೆ ನಿಲ್ಲಿಸಿದೆ.

ಮೊದಲು ಕೋಡ್ ಹಾಕುವ ಯೂನಿವರ್ಸಲ್ ರಿಮೋಟು. ಜೊತೆಗೆ ಬರುವ ಹಾಳೆಯಲ್ಲಿ ಕಂಪನಿಯ ಹೆಸರು ಹುಡುಕಿ, ಅದರ ಮುಂದಿರುವ ಅಂಕಿ ಒತ್ತಬೇಕು. ಟೀವಿಗೆ ಬೇಗ ಹೊಂದಿಕೊಂಡಿತು. ರಿಸೀವರ್‌ಗೆ ಬಂದಾಗ ಆನ್ ಆಗುತ್ತಿತ್ತು, ವಾಲ್ಯೂಮ್ ಕೇಳುತ್ತಿತ್ತು, ಇನ್‌ಪುಟ್ ಬದಲಿಸುವ ಬಟನ್‌ಗಳು ಮಾತ್ರ ಸುಮ್ಮನಿದ್ದವು. ಈ ಅಗ್ಗದ ರಿಮೋಟುಗಳನ್ನು ಮುಖ್ಯವಾಗಿ ಟೀವಿಗೆಂದೇ ಮಾಡಿರುತ್ತಾರೆ. ಮೂಲ ರಿಮೋಟು ಕಳೆದುಹೋಗಿದ್ದರೆ ಅಥವಾ ಒಡೆದಿದ್ದರೆ ಇದನ್ನೇ ಕೊಳ್ಳಿ, ಆಗ ಬೇರೆ ಸುಲಭದ ದಾರಿ ಇರುವುದಿಲ್ಲ. ಮೂಲ ರಿಮೋಟು ಕೈಯಲ್ಲಿದ್ದರೆ ಇದರ ಗೋಜು ಬೇಡ.

ಎರಡನೆಯದು ವೈಫೈ ಐಆರ್ (ಇನ್‌ಫ್ರಾರೆಡ್, ಅಂದರೆ ರಿಮೋಟುಗಳು ಬಳಸುವ ಕಣ್ಣಿಗೆ ಕಾಣದ ಬೆಳಕು) ಬ್ಲಾಸ್ಟರ್. ಶೆಲ್ಫಿನ ಮೇಲೆ ಕೂರುವ ಪುಟ್ಟ ಡಬ್ಬಿ. ಫೋನಿನಲ್ಲಿ ಒತ್ತಿದ್ದನ್ನು ಅದು ಇನ್‌ಫ್ರಾರೆಡ್ ಆಗಿ ಕಳಿಸುತ್ತದೆ. ನಾಲ್ಕರಲ್ಲಿ ಅತಿ ಹೆಚ್ಚು ಸಾಮರ್ಥ್ಯ ಇರುವುದು ಇದಕ್ಕೇ. ‘ಸಿನಿಮಾ’ ಎಂದು ಒಂದು ಬಟನ್ ಮಾಡಿಕೊಂಡರೆ ಟೀವಿ, ರಿಸೀವರ್, ಇನ್‌ಪುಟ್ ಎಲ್ಲ ಸಾಲಾಗಿ ನಡೆಯುತ್ತವೆ. ರಿಸೀವರ್ ಪೂರ್ತಿ ಎಚ್ಚರಗೊಳ್ಳಲು ಕೆಲವು ಸೆಕೆಂಡು ಬೇಕು, ಆದ್ದರಿಂದ ಆನ್ ಮತ್ತು ಇನ್‌ಪುಟ್ ಆದೇಶಗಳ ನಡುವೆ ಬಿಡುವು ಇಡಬೇಕು. ಇಂಥ ಡಬ್ಬಿಗಳಲ್ಲಿ ಹೆಚ್ಚಿನವು 2.4 ಗಿಗಾಹರ್ಟ್ಸ್ ವೈಫೈಗೆ ಮಾತ್ರ ಸೇರುತ್ತವೆ. ಫೋನ್ 5 ಗಿಗಾಹರ್ಟ್ಸ್ ವೈಫೈನಲ್ಲಿದ್ದರೆ ಸೆಟಪ್ ಅಲ್ಲಿಯೇ ನಿಲ್ಲಬಹುದು.

ಇದರ ನಿಜವಾದ ತೊಡಕು ಪವರ್ ಬಟನ್. ಬಹುತೇಕ ಮೂಲ ರಿಮೋಟುಗಳಲ್ಲಿ ಆನ್‌ಗೂ ಆಫ್‌ಗೂ ಒಂದೇ ಕೋಡ್. ಇನ್‌ಫ್ರಾರೆಡ್ ಒಮ್ಮುಖ: ಕಳಿಸುವುದಷ್ಟೇ, ಉತ್ತರ ಬರುವುದಿಲ್ಲ. ರಿಸೀವರ್ ಮೊದಲೇ ಆನ್ ಇದ್ದರೆ ‘ಸಿನಿಮಾ’ ಬಟನ್ ಅದನ್ನು ಆಫ್ ಮಾಡುತ್ತದೆ. ಆನ್‌ಗೆ ಬೇರೆ, ಆಫ್‌ಗೆ ಬೇರೆ ಕೋಡ್ ಇರುವ ಉಪಕರಣಗಳಿಗೆ ಈ ಕಾಟವಿಲ್ಲ. ಸೋನಿ ಟೀವಿಗಳಿಗೆ ಹಾಗೆ ಎರಡು ಕೋಡ್ ಇವೆ, ಅದರ ಪದ್ಧತಿಯಲ್ಲಿ 46 ಆನ್, 47 ಆಫ್. ಮಾಮೂಲಿ ರಿಮೋಟಿನಲ್ಲಿ ಇವಕ್ಕೆ ಬಟನ್ ಇರುವುದಿಲ್ಲ, ಆ್ಯಪ್‌ನ ಕೋಡ್ ಪಟ್ಟಿಯಲ್ಲೇ ಹುಡುಕಬೇಕು. ಆದರೆ ಇಷ್ಟೆಲ್ಲ ಸರಿಮಾಡಿದರೂ ಕೊನೆಗೆ ಅಮ್ಮ ಕೈಗೆತ್ತಿಕೊಳ್ಳಬೇಕಾದದ್ದು ಫೋನನ್ನೇ. ಅದನ್ನು ಅನ್‌ಲಾಕ್ ಮಾಡಿ, ಆ್ಯಪ್ ತೆರೆದು ಸೌಂಡ್ ತಗ್ಗಿಸಬೇಕೆಂದು ಅವರಿಗೆ ಹೇಳಲು ನನಗೆ ಮನಸ್ಸಿಲ್ಲ.

ಮೂರನೆಯದು ಎಚ್‌ಡಿಎಂಐ-ಸಿಇಸಿ, ಅಂದರೆ ಎಚ್‌ಡಿಎಂಐ ಕೇಬಲ್ ಮೂಲಕವೇ ಒಂದು ಉಪಕರಣ ಇನ್ನೊಂದನ್ನು ನಡೆಸುವ ವ್ಯವಸ್ಥೆ. ಇದರ ಮೇಲೆ ನನಗೆ ಪ್ರೀತಿ ಹೆಚ್ಚು. ಹಣ ಬೇಡ, ವಸ್ತು ಬೇಡ. ಎಚ್‌ಡಿಎಂಐ ಕೇಬಲ್‌ನ 13ನೇ ಪಿನ್‌ನಲ್ಲೇ ಉಪಕರಣಗಳು ಪರಸ್ಪರ ಮಾತಾಡುತ್ತವೆ. ಟೀವಿ ಮೆನುವಿನಲ್ಲಿ ಇದು ಬೇರೆ ಹೆಸರಿನಲ್ಲಿ ಅಡಗಿರುತ್ತದೆ: ಸೋನಿಯಲ್ಲಿ ಬ್ರಾವಿಯಾ ಸಿಂಕ್, ಸ್ಯಾಮ್‌ಸಂಗ್‌ನಲ್ಲಿ ಎನಿನೆಟ್ ಪ್ಲಸ್, ಎಲ್‌ಜಿಯಲ್ಲಿ ಸಿಂಪ್‌ಲಿಂಕ್. ಟೀವಿ, ರಿಸೀವರ್ ಎರಡರಲ್ಲೂ ಆನ್ ಮಾಡಿದ ಮೇಲೆ ಟೀವಿ ಹಾಕಿದರೆ ರಿಸೀವರ್ ತಾನೇ ಏಳುತ್ತದೆ, ಆರಿಸಿದರೆ ತಾನೇ ಮಲಗುತ್ತದೆ. ಸ್ಟಿಕ್‌ನ ರಿಮೋಟು ಸ್ಟಿಕ್ ಜೊತೆ ಮಾತಾಡುವುದು ಬ್ಲೂಟೂತ್‌ನಲ್ಲಿ, ಆದ್ದರಿಂದ ಐಆರ್ ರಿಮೋಟಿಗೆ ಅದು ಸಿಗುವುದಿಲ್ಲ. ಸಿಇಸಿ ಮೂಲಕವಾದರೆ ಟೀವಿ ರಿಮೋಟಿನ ಬಾಣದ ಗುರುತುಗಳೇ ಅದನ್ನು ನಡೆಸುತ್ತವೆ. ಕೊರತೆ ಒಂದೇ, ನಮ್ಮ ಸೆಟ್‌ಟಾಪ್ ಬಾಕ್ಸ್ ಈ ಮಾತಿಗೆ ಕಿವಿಗೊಡಲಿಲ್ಲ. ಅಂದರೆ ಚಾನೆಲ್‌ಗೆ ಎರಡನೇ ರಿಮೋಟು ಬೇಕೇ ಬೇಕಾಯಿತು.

ಆ ಜಾಗ ತುಂಬಿದ್ದು ಕಲಿಯುವ ರಿಮೋಟು, ಅದೂ ಹೊಸದಾಗಿ ಕೊಂಡದ್ದಲ್ಲ. ಅನೇಕ ಸೆಟ್‌ಟಾಪ್ ರಿಮೋಟುಗಳಲ್ಲಿ ‘ಟಿವಿ’ ಎಂದು ಬರೆದ ಮೂಲೆಯಲ್ಲಿ ನಾಲ್ಕೈದು ಬಟನ್‌ಗಳಿರುತ್ತವೆ. ಅವಕ್ಕೆ ಬೇರೆ ರಿಮೋಟಿನ ಸಂಕೇತ ಕಲಿಸಬಹುದು. ಎರಡು ರಿಮೋಟುಗಳನ್ನು ಮೇಜಿನ ಮೇಲೆ ಎದುರುಬದುರು, ಎರಡು ಬೆರಳಷ್ಟು ಅಂತರದಲ್ಲಿ ಇಡಿ. ಸೆಟಪ್ ಬಟನ್ ಒತ್ತಿಹಿಡಿದು, ದೀಪ ಹೊತ್ತಿದ ಮೇಲೆ ಕಲಿಯಬೇಕಾದ ಬಟನ್ ಒತ್ತಿ, ಬಳಿಕ ಮೂಲ ರಿಮೋಟಿನ ಬಟನ್ ಒತ್ತಬೇಕು. ಕ್ರಮ ಕಂಪನಿಯಿಂದ ಕಂಪನಿಗೆ ತುಸು ಬೇರೆ. ಹೊಸ ಶೆಲ್ ಹಾಕಿ, ಕಿಟಕಿಯ ಬಿಸಿಲು ಬೀಳದ ಕಡೆ ಕೂತು ಮಾಡಿದರೆ ಬೇಗ ಕಲಿಯುತ್ತದೆ.

ನಾನು ಕಲಿಸಿದ್ದು ಇಷ್ಟೇ: ಪವರ್ ಬಟನ್‌ಗೆ ಟೀವಿಯ ಪವರ್, ವಾಲ್ಯೂಮ್ ಮತ್ತು ಮ್ಯೂಟ್‌ಗೆ ರಿಸೀವರ್‌ನವು. ಟೀವಿ ಎದ್ದರೆ ರಿಸೀವರನ್ನು ಸಿಇಸಿ ಎಬ್ಬಿಸುತ್ತದೆ. ಚಾನೆಲ್ ಅಂತೂ ಆ ರಿಮೋಟಿನದೇ. ಅಮ್ಮನಿಗೆ ಅವರು ಮೊದಲೇ ಬಲ್ಲ ರಿಮೋಟು ಉಳಿಯಿತು, ಹೊಸದಾಗಿ ತಿಳಿಯಬೇಕಾದ ಬಟನ್ ಒಂದೂ ಇಲ್ಲ. ಬೇರೆ ಬೇರೆ ಕಂಪನಿಯ ಸಾಮಾನು ಇರುವ ಮನೆಗೆ ನಾನು ಹೇಳುವುದು ಸಿಇಸಿ ಮತ್ತು ಕಲಿಯುವ ರಿಮೋಟಿನ ಈ ಜೋಡಿಯನ್ನೇ. ಬ್ಲಾಸ್ಟರ್‌ಗೆ ದುಡ್ಡು ಹಾಕುವುದು ಆಮೇಲೆ.

ನಿಮ್ಮ ಸೆಟ್‌ಟಾಪ್ ರಿಮೋಟಿನಲ್ಲಿ ಕಲಿಯುವ ಬಟನ್‌ಗಳಿಲ್ಲದಿದ್ದರೆ ಬಿಡಿಯಾಗಿ ಕಲಿಯುವ ರಿಮೋಟು ಸಿಗುತ್ತದೆ. ಬೆಂಗಳೂರಿನವರು ಎಸ್.ಪಿ. ರಸ್ತೆಯಲ್ಲಿ ಕೇಳಿ ನೋಡಬಹುದು. ಹೋಗುವಾಗ ಮನೆಯ ಮೂಲ ರಿಮೋಟು ಒಯ್ದು, ಅಂಗಡಿಯಲ್ಲೇ ಒಂದು ಬಟನ್ ಕಲಿಸಿ ನೋಡಿ. ಎರಡು ಸಂಗತಿ ಪರೀಕ್ಷಿಸಿ. ಶೆಲ್ ತೆಗೆದು ಮತ್ತೆ ಹಾಕಿದಾಗ ಕಲಿತದ್ದು ಉಳಿದಿದೆಯೇ? ಹಾಗೆಯೇ ಕ್ಯಾರಿಯರ್ ಆವರ್ತನ, ಅಂದರೆ ರಿಮೋಟಿನ ಬೆಳಕು ಸೆಕೆಂಡಿಗೆ ಎಷ್ಟು ಸಲ ಮಿನುಗುತ್ತದೆ ಎಂಬುದು. ಹೆಚ್ಚಿನ ಉಪಕರಣಗಳದ್ದು 38 ಕಿಲೋಹರ್ಟ್ಸ್ ಸುತ್ತಮುತ್ತ, ಸೋನಿಯದು 40, ಫಿಲಿಪ್ಸ್ ರೂಪಿಸಿದ ಆರ್‌ಸಿ-5 ಎಂಬ ಸಂಕೇತ ಪದ್ಧತಿಯದು 36. ಇವೆಲ್ಲ ಬಹುತೇಕ ರಿಮೋಟುಗಳ ಹಿಡಿತದಲ್ಲೇ ಇವೆ. ಬ್ಯಾಂಗ್ ಆ್ಯಂಡ್ ಒಲುಫ್‌ಸೆನ್‌ನಂಥ 455 ಕಿಲೋಹರ್ಟ್ಸ್ ಸಾಮಾನು ಮನೆಯಲ್ಲಿದ್ದರೆ ಸಾದಾ ರಿಮೋಟು ಕಲಿಯದು. ಆರ್‌ಸಿ-5 ಉಪಕರಣಕ್ಕೆ ಅಂಕಿಗಳನ್ನು ಕಲಿಸಿದ ಮೇಲೆ 11ನೇ ಚಾನೆಲ್ ಒತ್ತಿ ನೋಡಿ. ಪ್ರತಿ ಸಲ ಒತ್ತಿದಾಗ ಬದಲಾಗಬೇಕಾದ ಒಂದು ಬಿಟ್ (0 ಅಥವಾ 1 ಎಂಬ ಗುರುತು) ಆ ಪದ್ಧತಿಯಲ್ಲಿದೆ. ರಿಮೋಟು ಅದನ್ನು ಬದಲಿಸದಿದ್ದರೆ ಉಪಕರಣವು ಎರಡು ಒತ್ತು ಒಂದೇ ಎಂದು ತಿಳಿದು 1ನೇ ಚಾನೆಲ್‌ಗೆ ಹೋಗುತ್ತದೆ.