ಯಂತ್ರವನ್ನು ಓಡಿಸಿ ಅಳೆಯುವ ಮೊದಲು ಇನ್‌ಸ್ಟಾಲೇಶನ್ ರಿಪೋರ್ಟ್‌ಗೆ ಸಹಿ ಹಾಕಬೇಡಿ

ಚಿತ್ರದುರ್ಗ ಜಿಲ್ಲೆಯ ಸರ್ಕಾರಿ ಆಸ್ಪತ್ರೆಯೊಂದರ ಉಗ್ರಾಣದ ಹೊಣೆ ನನ್ನದಾಗಿದ್ದಾಗ ನಡೆದ ಸಂಗತಿಯಿದು. ಇಂಥದೇ ಹೊಣೆ ಹೊತ್ತ ಫಾರ್ಮಸಿ ಅಧಿಕಾರಿಗಳು ಮತ್ತು ಆರೋಗ್ಯ ರಕ್ಷಾ ಸಮಿತಿಯ ಸದಸ್ಯರು ದಯವಿಟ್ಟು ಓದಬೇಕು.

ಆ ವರ್ಷ ಮಾರ್ಚ್ ಕೊನೆಯ ವಾರದಲ್ಲಿ ನಿಮಿಷಕ್ಕೆ ಹತ್ತು ಲೀಟರ್ ಕೊಡುವ ನಾಲ್ಕು ಆಕ್ಸಿಜನ್ ಕಾನ್ಸನ್‌ಟ್ರೇಟರ್‌ಗಳು (ಕೋಣೆಯ ಗಾಳಿಯಿಂದಲೇ ಆಮ್ಲಜನಕವನ್ನು ಬೇರ್ಪಡಿಸಿಕೊಡುವ ಯಂತ್ರಗಳು) ಬಂದವು. 31ರೊಳಗೆ ಬಿಲ್ಲು ಖಜಾನೆ ಸೇರದಿದ್ದರೆ ಅನುದಾನ ವಾಪಸಾಗುತ್ತದೆಂಬ ಅವಸರ ಎಲ್ಲರಿಗೂ ಇತ್ತು. ಸರಬರಾಜುದಾರರ ಪ್ರತಿನಿಧಿ ಒಂದೇ ಯಂತ್ರವನ್ನು ಐದು ನಿಮಿಷ ಓಡಿಸಿ ತೋರಿಸಿ, ನಾಲ್ಕಕ್ಕೂ ಸೇರಿಸಿ ಮೊದಲೇ ಬರೆದು ತಂದಿದ್ದ ಇನ್‌ಸ್ಟಾಲೇಶನ್ ರಿಪೋರ್ಟನ್ನು (ಅಳವಡಿಕೆಯ ವರದಿ) ಮುಂದಿಟ್ಟರು. "ಉಳಿದವನ್ನು ಮುಂದಿನ ವಾರ ಎಂಜಿನಿಯರ್ ಬಂದು ಕೂರಿಸ್ತಾರೆ ಸಾರ್" ಎಂದರು. ನಾನು ಸಹಿ ಹಾಕಿದೆ. ಎಂಜಿನಿಯರ್ ಬರಲಿಲ್ಲ, ನಾನೂ ಬೆನ್ನು ಹತ್ತಲಿಲ್ಲ. ವಾರ್ಡಿನಲ್ಲಿ ಸಿಲಿಂಡರುಗಳಿದ್ದುದರಿಂದ ಯಾರಿಗೂ ಅವುಗಳ ನೆನಪಾಗಲಿಲ್ಲ.

ಮರುವರ್ಷದ ಮಳೆಗಾಲದಲ್ಲಿ ಉಬ್ಬಸದಿಂದ ಬಂದ ಹಿರಿಯರೊಬ್ಬರಿಗೆ ಅದರಲ್ಲೊಂದನ್ನು ಹಚ್ಚಿದಾಗ, ಐದು ಲೀಟರ್ ಕೊಟ್ಟರೂ ಸ್ಯಾಚುರೇಶನ್ (ರಕ್ತದಲ್ಲಿನ ಆಮ್ಲಜನಕದ ಮಟ್ಟ) ಶೇ 84 ಬಿಟ್ಟು ಮೇಲೇಳಲಿಲ್ಲ. ಶುಶ್ರೂಷಾಧಿಕಾರಿಯವರು ಅನುಮಾನಪಟ್ಟು ಸಿಲಿಂಡರಿಗೆ ಬದಲಿಸಿದ್ದರಿಂದ ಆ ಹಿರಿಯರು ಚೇತರಿಸಿಕೊಂಡರು. ಆ ಹತ್ತು ನಿಮಿಷವನ್ನು ನಾನು ಇಂದಿಗೂ ಮರೆತಿಲ್ಲ. ಗಾಳಿಯಲ್ಲಿ ಆಮ್ಲಜನಕ ಎಷ್ಟಿದೆಯೆಂದು ತೋರಿಸುವ ಆಕ್ಸಿಜನ್ ಅನಲೈಸರನ್ನು ದಾವಣಗೆರೆಯಿಂದ ತರಿಸಿ ಅಳೆದರೆ, ನಾಲ್ಕರಲ್ಲಿ ಒಂದೂ ಶೇ 70 ಮುಟ್ಟಲಿಲ್ಲ.

ಕೋಣೆಯ ಗಾಳಿಯಲ್ಲಿ ಆಮ್ಲಜನಕ ಇರುವುದು ಶೇ 21ರಷ್ಟು. ಯಂತ್ರದೊಳಗಿನ ಜಿಯೋಲೈಟ್ ಹರಳುಗಳು ಸಾರಜನಕವನ್ನು ಹಿಡಿದಿಟ್ಟುಕೊಳ್ಳುವುದರಿಂದ ಹೊರಬರುವ ಗಾಳಿಯಲ್ಲಿ ಆಮ್ಲಜನಕ ಶೇ 90 ದಾಟುತ್ತದೆ. ಆದರೆ ಈ ಹರಳುಗಳು ತೇವವನ್ನೂ ಹೀರುತ್ತವೆ. ಆದ್ದರಿಂದ ತಿಂಗಳುಗಟ್ಟಲೆ ಓಡಿಸದೆ ಇಟ್ಟ ಯಂತ್ರ ಡಬ್ಬಿಯೊಳಗೇ ಶಕ್ತಿ ಕಳೆದುಕೊಳ್ಳಬಹುದು. ಆಗಲೂ ಅದು ಸದ್ದು ಮಾಡುತ್ತದೆ, ನಳಿಕೆಯಲ್ಲಿ ಗಾಳಿ ಬರುತ್ತದೆ, ಫ್ಲೋ ಮೀಟರಿನ ಗುಂಡು ಮೇಲೇರುತ್ತದೆ. ಕಣ್ಣಿಗೆ ಕಾಣುವ ಇವುಗಳಲ್ಲಿ ಯಾವುದೂ ಆಮ್ಲಜನಕದ ಪ್ರಮಾಣವನ್ನು ಹೇಳುವುದಿಲ್ಲ.

ದೂರು ಕೊಟ್ಟಾಗ ಸರಬರಾಜುದಾರರು ನನ್ನದೇ ಸಹಿಯ ಪ್ರತಿಯನ್ನು ಕಳುಹಿಸಿದರು: ನಾಲ್ಕೂ ಸುಸ್ಥಿತಿಯಲ್ಲಿ ಅಳವಡಿಕೆಯಾಗಿವೆ, ಒಂದು ವರ್ಷದ ವಾರಂಟಿ ಆ ದಿನಾಂಕದಿಂದಲೇ ಆರಂಭವಾಗಿ ಮುಗಿದಿದೆ. ನಮ್ಮಲ್ಲಿದ್ದ ಎಎಂಸಿಯಲ್ಲಿ (ವಾರ್ಷಿಕ ನಿರ್ವಹಣಾ ಒಪ್ಪಂದ) ದುರಸ್ತಿಯ ಕೂಲಿ ಮಾತ್ರ ಸೇರಿತ್ತು. ಬಿಡಿಭಾಗಗಳೂ ಸೇರುವ ಸಿಎಂಸಿಯನ್ನು (ಸಮಗ್ರ ನಿರ್ವಹಣಾ ಒಪ್ಪಂದ) ಖರೀದಿಯ ಹೊತ್ತಿನಲ್ಲೇ ಕೇಳಬೇಕಿತ್ತು. ಹರಳು ತುಂಬಿದ ಕೊಳವೆಗಳು ಯಂತ್ರದ ದುಬಾರಿ ಭಾಗಗಳಲ್ಲೊಂದು ಎಂಬುದು ನನಗೆ ತಿಳಿದದ್ದು ದುರಸ್ತಿಯ ಅಂದಾಜುಪಟ್ಟಿ ಬಂದಾಗ.

ಆದ್ದರಿಂದ ಪ್ರತಿಯೊಂದು ಯಂತ್ರಕ್ಕೂ ಅದರ ಕ್ರಮಸಂಖ್ಯೆ ಬರೆದ ಪ್ರತ್ಯೇಕ ವರದಿಯನ್ನೇ ಕೇಳಿ. ಅರ್ಧ ಗಂಟೆಯಾದರೂ ಪೂರ್ಣ ಹರಿವಿನಲ್ಲಿ ಓಡಿಸಿ, ಅನಲೈಸರ್ ತೋರಿಸಿದ ಅಂಕಿಯನ್ನು ಅದರಲ್ಲೇ ದಾಖಲಿಸಿ. ಮಾರ್ಚ್ ಅವಸರದಲ್ಲಿ ಅದು ಸಾಧ್ಯವಾಗದಿದ್ದರೆ "ಡಬ್ಬಿ ತಲುಪಿದೆ, ಪರೀಕ್ಷಿಸಿಲ್ಲ" ಎಂದಷ್ಟೇ ಬರೆದು ಸಹಿ ಮಾಡಿ. ಮೇಲಿನವರು ಬೇಸರಪಟ್ಟರೆ ಪಡಲಿ. ವಾರ್ಡಿನಲ್ಲಿ ಬಳಕೆ ಇಲ್ಲದಿದ್ದರೂ ಆಗಾಗ ಓಡಿಸುತ್ತಿರಿ.

ಸಮಿತಿಯ ಹಣದಿಂದ ಎರಡು ಯಂತ್ರಗಳ ಕೊಳವೆ ಬದಲಾಯಿಸಿದೆವು. ಉಳಿದೆರಡು ದಾಸ್ತಾನು ವಹಿಯಲ್ಲಿ "ಸುಸ್ಥಿತಿ" ಎಂದೇ ಇದ್ದವು. ಆ ಪದವನ್ನು ಹೊಡೆದುಹಾಕಿ ನಿಜಸ್ಥಿತಿ ಬರೆದ ಮೇಲೆಯೇ ನಾನು ಉಗ್ರಾಣದ ಕೀಲಿ ಹಸ್ತಾಂತರಿಸಿದೆ.