ಎಂ-777 ಮಾಡೆಲ್ ಕಿಟ್: ತೋಪು ಚೆನ್ನಾಗಿದೆ, ಶೆಲ್ ಎಲ್ಲಿ ಸ್ವಾಮಿ?

ಮೊಮ್ಮಗನ ಹುಟ್ಟುಹಬ್ಬದ ನೆಪದಲ್ಲಿ ತರಿಸಿದ್ದು. ಆಸೆ ನನ್ನದೇ. ಎಂ-777 ತೋಪಿನ ಪ್ಲಾಸ್ಟಿಕ್ ಕಿಟ್, ಅಸಲಿನ 35ನೇ ಒಂದು ಪಾಲು ಅಳತೆ, ಬೆಲೆ 3,200 ರೂಪಾಯಿ. ಸಕಲೇಶಪುರ ಮುಟ್ಟಲು ಒಂಬತ್ತು ದಿನ ಹಿಡಿಯಿತು.

ಸೇನೆಯಲ್ಲಿ ವರ್ಷಗಟ್ಟಲೆ ಬೋಫೋರ್ಸ್ ಹಿಂದೆ ನಿಂತವನು ನಾನು. ಕಣ್ಣು ಮೊದಲು ಹೋಗಿದ್ದು ನಳಿಗೆಗೆ. ಅಚ್ಚುಕಟ್ಟಾಗಿದೆ. ಬಾಯಿ ಸರಿಯಾಗಿ ಒಂದು ಕಾಳುಮೆಣಸು ಹಿಡಿಸುವಷ್ಟು. ಕಾಲುಗಳು ಮಡಚುತ್ತವೆ. ಅಸಲಿ ತೋಪು ಟೈಟಾನಿಯಂ ದೆಸೆಯಿಂದ ಬರೀ 4,200 ಕೆಜಿ, ಹೆಲಿಕಾಪ್ಟರ್ ನೇತುಹಾಕಿಕೊಂಡು ಹೋಗುತ್ತೆ. ನಮ್ಮ ಸೇನೆಗೂ 145 ತೋಪುಗಳಿಗೆ 2016ರಲ್ಲಿ ಆರ್ಡರ್ ಕೊಟ್ಟಿದ್ದರು.

ಸಿಟ್ಟು ಬಂದಿದ್ದು ಆಮೇಲೆ. ಡಬ್ಬದ ಚಿತ್ರದಲ್ಲಿ ತೋಪಿನ ಪಕ್ಕ ಶೆಲ್‌ಗಳ, ಅಂದರೆ ತೋಪಿನ ಗುಂಡುಗಳ, ರಾಶಿ. ಒಳಗೆ ಎಣಿಸಿದರೆ ಎರಡು!

ಉಕ್ರೇನಿಗೆ ಆಗಿದ್ದೂ ಹೆಚ್ಚು ಕಡಿಮೆ ಇದೇ ಅಲ್ವಾ? 2022ರಲ್ಲಿ ಅಮೆರಿಕ ಇದೇ ತೋಪು 90 ಕೊಡುತ್ತೇನೆ ಅಂತು. ಆಸ್ಟ್ರೇಲಿಯಾ 6, ಕೆನಡಾ 4. ಟಿವಿಯವರು ತೋಪು ತೋರಿಸಿದ್ದೇ ತೋರಿಸಿದ್ದು. ಆದರೆ ಅದಕ್ಕೆ ತುಂಬುವ 155 ಎಂಎಂ ದಪ್ಪದ ಶೆಲ್ ಒಂದೊಂದೂ 43 ಕೆಜಿ ಮೇಲೆ, ಕಾಫಿ ಮೂಟೆಗೆ ಏಳು ಕೆಜಿ ಕಮ್ಮಿ ಅಷ್ಟೆ. ರಾಶಿ ಎಷ್ಟು ಬೇಗ ಕರಗುತ್ತೆ ಅಂತ ಹೊತ್ತವನಿಗೆ ಗೊತ್ತು. 2023ರ ಮಾರ್ಚಿನಲ್ಲಿ ಯುರೋಪ್ ಒಕ್ಕೂಟ, ಒಂದೇ ವರ್ಷದಲ್ಲಿ 10 ಲಕ್ಷ ಶೆಲ್ ಅಂತ ಮಾತು ಕೊಟ್ಟಿತು. ವರ್ಷ ತುಂಬುವಾಗ ಕೈಸೇರಿದ್ದು ಅರ್ಧದ ಆಸುಪಾಸು. ಅದೇ ಹೊತ್ತಿಗೆ ಅಮೆರಿಕದ ಸಂಸತ್ತಿನಲ್ಲೂ ನೆರವಿನ ದುಡ್ಡು ತಿಂಗಳುಗಟ್ಟಲೆ ಕೂತು, 2024ರ ಏಪ್ರಿಲ್‌ನಲ್ಲಿ ಎದ್ದಿತು. ಕೊನೆಗೆ ಜೆಕ್ ದೇಶದವರು ಯುರೋಪಿನ ಹೊರಗೆಲ್ಲ ಶೆಲ್ ಹುಡುಕಿ, ಉಳಿದವರಿಂದ ದುಡ್ಡು ಎತ್ತಿ ಕೊಡಿಸಬೇಕಾಯಿತು.

ಅಂಟು, ಬಣ್ಣ ಬೇರೆ ತಗೋಬೇಕು ಅಂತ ಡಬ್ಬದ ಮೂಲೆಯಲ್ಲಿ ಸಾಸಿವೆಯಷ್ಟು ಅಕ್ಷರದಲ್ಲಿ ಬರೆದಿದ್ದಾರೆ. ಬಸ್ಸು ಹತ್ತಿ ಹಾಸನಕ್ಕೆ ಹೋಗಿ ಮೂರು ಅಂಗಡಿ ಸುತ್ತಿದೆ. ಬಣ್ಣ ಸಿಕ್ಕಿತು, ಮಾಡೆಲ್ ಅಂಟು ಸಿಗಲಿಲ್ಲ. ಫೆವಿಕ್ವಿಕ್‌ನಲ್ಲೇ ಮುಗಿಸಿದೆ.

ಇನ್ನೊಂದು ಎಚ್ಚರಿಕೆ, ನಮ್ಮ ಮಲೆನಾಡಿನವರಿಗೆ ಮಾತ್ರ. ಜುಲೈ ಮಳೆಗೆ ಬಣ್ಣ ಮೂರು ದಿನವಾದರೂ ಒಣಗಲಿಲ್ಲ ಅಂತ ಬಚ್ಚಲ ಹಂಡೆ ಒಲೆ ಹತ್ತಿರ ಇಟ್ಟೆ. ನಳಿಗೆ ತುದಿ ಬಾಗಿತು. ತಪ್ಪು ನನ್ನದೇ, ಕಂಪನಿಯದಲ್ಲ. ಅಸಲಿ ನಳಿಗೆಯೂ ಜಾಸ್ತಿ ಹೊಡೆದರೆ ಸವೆಯುತ್ತೆ. ಉಕ್ರೇನಿನ ತೋಪುಗಳು ರಿಪೇರಿಗೆ ಪೋಲೆಂಡಿಗೆ ಹೋಗಿ ಬರುತ್ತಿದ್ದವು. ನನ್ನದನ್ನು ನೋಡಿ ಮನೆಯವಳು, "ಇದೇನ್ರೀ, ಸೊಂಟ ಉಳುಕಿದ ಹಾಗಿದೆ" ಅಂದಳು.

ಐದಕ್ಕೆ ಮೂರು ಸ್ಟಾರ್. ಇನ್ನೊಂದು ಹತ್ತು ಶೆಲ್ ಹಾಕಿದ್ದರೆ ನಾಲ್ಕು ಕೊಡುತ್ತಿದ್ದೆ. ಇದ್ದ ಎರಡನ್ನೂ ಮೊಮ್ಮಗ ಮೊದಲ ದಿನವೇ ಕಳೆದ. ಈಗ ಅಡುಗೆಮನೆಯಿಂದ ಕಾಳುಮೆಣಸು ತಂದು ತುಂಬುತ್ತಾನೆ. ಒಂದು ಒಳಗೇ ಸಿಕ್ಕಿಕೊಂಡು ಕೂತಿದೆ.